ಮೂರು ಚುಕ್ಕಿಯ ಮೌಂಟ್

ಗೋಣಿಕೊಪ್ಪಲಿನ ಒಂದು ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡಿದ ಇಪ್ಪತ್ತೆರಡು ವರ್ಷವೂ ಕಾತ್ಯಾಯನಿ ಅಲ್ಲಿಯ ಭೌತಶಾಸ್ತ್ರದ ಲ್ಯಾಬಿನಲ್ಲಿದ್ದಳು. ಹುದ್ದೆಯ ಹೆಸರು ಲ್ಯಾಬ್ ಅಸಿಸ್ಟೆಂಟ್. ಮಡಿಕೇರಿಯ ಅರ್ಚಕರ ಮನೆಯವಳು. ಇಪ್ಪತ್ತೈದನೇ ವಯಸ್ಸಿಗೆ ಕೆಲಸ ಸಿಕ್ಕಿತೆಂದು ಬಂದವಳು ಇಲ್ಲೇ ಉಳಿದಳು. ಮದುವೆಯಾಗಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಒಂದರಲ್ಲಿ ಅವಳು, ಇನ್ನೊಂದರಲ್ಲಿ ಟೆಲಿಸ್ಕೋಪುಗಳು.

ಒಟ್ಟು ಒಂಬತ್ತು. ಎಲ್ಲವೂ ಜಪಾನಿನಲ್ಲಿ ಮಾಡಿದವು, ಎಲ್ಲವೂ ಐವತ್ತು ಅರವತ್ತು ವರ್ಷ ಹಳೆಯವು. ಮುಂದೆ ಮಸೂರ, ಹಿಂದೆ ಕಣ್ಣಿಡುವ ಗಾಜು, ನಡುವೆ ಉದ್ದನೆಯ ಬಿಳಿ ಕೊಳವೆ. ಆ ಕಾಲದಲ್ಲಿ ಹಡಗಿನ ಕೆಲಸಕ್ಕಿದ್ದವರು, ಸೈನ್ಯದಿಂದ ಹೊರದೇಶಕ್ಕೆ ಹೋಗಿಬಂದವರು, ಸಿಂಗಪುರದಲ್ಲಿ ನೆಂಟರಿದ್ದ ಎಸ್ಟೇಟಿನವರು ಇಂಥವನ್ನು ಕೊಡಗಿಗೆ ತಂದಿದ್ದರು. ಒಂದೆರಡು ವರ್ಷ ಚಂದ್ರನನ್ನು ನೋಡಿ ಅಟ್ಟಕ್ಕೆ ಹಾಕಿದರು. ನಮ್ಮ ಮಳೆಗಾಲಕ್ಕೆ ಗಾಜಿನ ನಡುವೆ ಬೂಷ್ಟು ಬೆಳೆಯಿತು. ಗುಜರಿಗೆ ಬಿದ್ದವನ್ನು, ಯಾರಿಗೂ ಬೇಡವಾದವನ್ನು ಕಾತ್ಯಾಯನಿ ತಂದು ಬಿಚ್ಚಿ ತೊಳೆದು ಮತ್ತೆ ಕೂಡಿಸುತ್ತಿದ್ದಳು.

"ಕೊಳವೆ ಮೇಲೆ ಬರೆದಿರೋ ಹೆಸರನ್ನ ನಂಬಬಾರದು" ಎಂದು ನನಗೆ ಹೇಳುತ್ತಿದ್ದಳು. "ಅದು ಮಾರಿದ ಅಂಗಡಿ ಹೆಸರು. ಮಾಡಿದವನು ಬೇರೆ ಇರ್ತಾನೆ."

ಮಾಡಿದವನನ್ನು ಹುಡುಕುವುದೇ ಅವಳ ಹುಚ್ಚು. ಫೋಕಸ್ ಮಾಡುವ ತಿರುಗಣಿಯ ಪಕ್ಕ ಅಕ್ಕಿಕಾಳಿನಷ್ಟು ಮುದ್ರೆ ಇದೆಯೇ ನೋಡುತ್ತಿದ್ದಳು. ಇಲ್ಲದಿದ್ದರೆ ತಿರುಪಿನ ತಲೆ, ಮರದ ಕಾಲುಗಳ ತುದಿಯ ಕಬ್ಬಿಣ, ಮಸೂರದ ಉಂಗುರಕ್ಕೆ ಕೊರೆದ ಹಲ್ಲು. ಇಷ್ಟರಲ್ಲೇ ಯಾವ ಕಾರ್ಖಾನೆಯದು, ಸುಮಾರು ಯಾವ ವರ್ಷದ್ದು ಎಂದು ಹೇಳಿಬಿಡುತ್ತಿದ್ದಳು. ತಪಾಸಣೆಯಾದದ್ದಕ್ಕೆ ಗುರುತಾಗಿ ಅಂಟಿಸಿದ ಚಿನ್ನದ ಬಣ್ಣದ ಪುಟ್ಟ ಚೀಟಿ ಉಳಿದಿದ್ದರಂತೂ ಅವತ್ತು ಅವಳಿಗೆ ಊಟ ಬೇಡ. ಇಂಟರ್ನೆಟ್ಟಿನಲ್ಲಿ ಇಂಥ ಹುಚ್ಚಿನವರದೇ ಒಂದು ಗುಂಪಿತ್ತು. ಯಾವ ಯಾವುದೋ ದೇಶದವರು ಫೋಟೋ ಹಾಕಿ ಇದು ಯಾರದ್ದೆಂದು ಕೇಳುತ್ತಿದ್ದರು. ಕಾತ್ಯಾಯನಿ ಉತ್ತರ ಬರೆದರೆ ಅಲ್ಲಿಗೆ ಚರ್ಚೆ ಮುಗಿಯುತ್ತಿತ್ತು. ಕಾಲೇಜಿನಲ್ಲಿ ಮಾತ್ರ ಅವಳು ಉಪಕರಣ ಒರೆಸಿಡುವ ಹೆಂಗಸು.

ಈ ವಿದ್ಯೆಯ ಮೊದಲ ಪಾಠ ಹೇಳಿದವರು ನಾಗೇಶ್ವರ ಸರ್, ಭೌತಶಾಸ್ತ್ರದ ಅಧ್ಯಾಪಕರು. ಮಸೂರವನ್ನು ಬೆರಳು ತಾಗದಂತೆ ಹೇಗೆ ಬಿಚ್ಚಬೇಕು, ಎರಡು ಗಾಜಿನ ನಡುವಿನ ಮೂರು ತಗಡಿನ ಚೂರು ಯಾವ ಜಾಗದಲ್ಲಿತ್ತೋ ಅದೇ ಜಾಗಕ್ಕೆ ಹೇಗೆ ಇಡಬೇಕು, ಎಲ್ಲ ಕಲಿಸಿದ್ದು ಅವರೇ. ಅಧ್ಯಾಪಕರಲ್ಲಿ ಅವಳನ್ನು ಕೂರಿಸಿಕೊಂಡು ಮಾತಾಡಿದವರೂ ಅವರೊಬ್ಬರೇ. ೨೦೦೫ರಲ್ಲಿ ನಿವೃತ್ತರಾದ ದಿನ ಅವಳ ಮೇಜಿನ ಮೇಲೆ ಒಂದು ಭಾರದ ಗಂಟು ತಂದಿಟ್ಟರು.

"ಇದು ನಿನಗೆ. ನನಗಿಂತ ಚೆನ್ನಾಗಿ ನೋಡಿಕೊಳ್ತೀಯ."

ಅದೊಂದು ಮೌಂಟ್. ಕೊಳವೆಯನ್ನು ಹೊತ್ತು ತಿರುಗಿಸುವ ಲೋಹದ ತಲೆ. ಭೂಮಿ ತಿರುಗುತ್ತಿರುವುದರಿಂದ ಟೆಲಿಸ್ಕೋಪಿನಲ್ಲಿ ಕಾಣುವ ನಕ್ಷತ್ರ ನಿಮಿಷದಲ್ಲೇ ಜಾರಿ ಹೋಗುತ್ತದೆ. ಈ ಮೌಂಟನ್ನು ಧ್ರುವ ನಕ್ಷತ್ರದ ಕಡೆಗೆ ಓರೆಯಾಗಿ ನಿಲ್ಲಿಸಿ ಒಂದು ತಿರುಗಣಿಯನ್ನು ಮೆಲ್ಲಗೆ ತಿರುಗಿಸುತ್ತಿದ್ದರೆ ನಕ್ಷತ್ರ ಅಲ್ಲೇ ನಿಂತಿರುತ್ತದೆ. ಸರ್ ಕೊಟ್ಟದ್ದು ಅಂಥವುಗಳಲ್ಲಿ ಅತಿ ಒಳ್ಳೆಯದು. ಒಳಗಿನ ಹಲ್ಲಿನ ಚಕ್ರ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಆದರೆ ಮಾಡಿದವನ ಹೆಸರಿನ ತಗಡು ಇರಲಿಲ್ಲ, ಅದು ಇದ್ದಲ್ಲಿ ಎರಡು ತೂತು ಮಾತ್ರ. ಬುಡದ ಪಟ್ಟಿಯ ಒಂದು ಕಡೆ ಚೆನ್ನಾಗಿ ಉಜ್ಜಿ ತಗ್ಗಿಸಲಾಗಿತ್ತು. ಅದರ ಪಕ್ಕ ಮೂರು ಪುಟ್ಟ ಚುಕ್ಕಿ ಕುಟ್ಟಿದ ಗುರುತು.

ಆ ಮೂರು ಚುಕ್ಕಿ ಯಾರ ಮುದ್ರೆ ಎಂದು ಅವಳು ವರ್ಷಗಟ್ಟಲೆ ಹುಡುಕಿದಳು. ಗುಂಪಿನವರನ್ನೂ ಕೇಳಿದಳು. ಯಾವುದೋ ಚಿಕ್ಕ ಕಾರ್ಖಾನೆ ಇರಬಹುದೆಂದು ಒಬ್ಬರು, ಪರೀಕ್ಷಕನ ಗುರುತೆಂದು ಇನ್ನೊಬ್ಬರು. ಅವಳ ಪುಸ್ತಕದಲ್ಲಿ ಒಂಬತ್ತು ಟೆಲಿಸ್ಕೋಪಿಗೂ ಪುಟಗಟ್ಟಲೆ ವಿವರ. ದಿನವೂ ಬಳಸುತ್ತಿದ್ದ ಈ ಮೌಂಟಿನ ಎದುರು ಮಾತ್ರ "ತಿಳಿದಿಲ್ಲ" ಎಂದಿತ್ತು.

ಎರಡು ವರ್ಷದ ಹಿಂದೆ, ಜನವರಿಯಲ್ಲಿ, ಪೊನ್ನಂಪೇಟೆಯಿಂದಾಚೆ ಎಸ್ಟೇಟಿನ ದೇಚಮ್ಮ ಎಂಬವರಿಂದ ಅವಳಿಗೆ ಫೋನ್ ಬಂತು. ಎಂಬತ್ತರ ಹತ್ತಿರದ ಹೆಂಗಸು. ಗಂಡ ಪೂವಯ್ಯ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಅಟ್ಟದ ಹಲಗೆ ಬದಲಾಯಿಸುವಾಗ ಅವರ ಟೆಲಿಸ್ಕೋಪಿನ ಪೆಟ್ಟಿಗೆ ಕೆಳಗೆ ಬಂದಿದೆ, ಬಂದು ನೋಡಿ ಏನೆಂದು ಹೇಳಬೇಕು, ಮಾರುವುದಕ್ಕಲ್ಲ, ಎಂದರು. ನನ್ನ ಕಾರಿನಲ್ಲಿ ಹೋದೆವು. ಕೊಯ್ಲು ನಡೆಯುತ್ತಿತ್ತು, ಅಂಗಳದ ತುಂಬ ಕಾಫಿ ಹರಡಿತ್ತು. ಕಾಲಿಡಲು ಜಾಗವಿಲ್ಲದೆ ಪೆಟ್ಟಿಗೆಯನ್ನು ಜಗಲಿಯಲ್ಲೇ ಬಿಚ್ಚಿದರು.

ಮುಚ್ಚಳಕ್ಕೆ ಹಗ್ಗ ಸುತ್ತಿತ್ತು. "ಕೊಂಡಿ ಹಾಕ್ಲಿಕ್ಕೆ ಬರೋದಿಲ್ಲ ಟೀಚರೇ. ಮೊದಲು ಬರ್ತಿತ್ತು. ಆಮೇಲೆ ಏನಾಯ್ತೋ" ಎಂದರು ದೇಚಮ್ಮ.

ಒಳಗೆ ಒಂದೊಂದು ಭಾಗಕ್ಕೂ ಅಳತೆಗೆ ಕೊರೆದ ಗೂಡು, ನೀಲಿ ಬಟ್ಟೆಯ ಹಾಸು. ಕಾತ್ಯಾಯನಿ ಕೊಳವೆಯನ್ನು ಎತ್ತಿಕೊಂಡಳು. ಚಿನ್ನದ ಬಣ್ಣದ ಚೀಟಿ ಹೊಸದರ ಹಾಗೆ ಇತ್ತು. ಅವಳ ಮುಖ ಅರಳಿತು. ಮೂರಂಗುಲದ ಮಸೂರ, ಒಳ್ಳೆಯ ಕಾರ್ಖಾನೆಯದು, ಕೊಡಗಿನಲ್ಲಿ ಇಂಥದು ಇದೆಯೆಂದೇ ಗೊತ್ತಿರಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು. ಆಮೇಲೆ ಮೌಂಟನ್ನು ಎತ್ತಿದಳು. ಹಿಂದೆ ಮುಂದೆ ತಿರುಗಿಸಿದಳು. ಗೂಡಿನಲ್ಲಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಅದು ಒಂದು ಬೆರಳಿನಷ್ಟು ಮೇಲೆಯೇ ನಿಂತಿತು.

"ಅಮ್ಮಾ, ಈ ಮೌಂಟ್ ಈ ಟೆಲಿಸ್ಕೋಪಿಂದಲ್ಲ. ನೋಡೋಕೆ ಒಂದೇ ಥರ, ಬಣ್ಣ ಒಂದೇ. ಆದರೆ ಇದು ಬೇರೆಯವರು ಮಾಡಿದ್ದು, ಅಗ್ಗದ್ದು. ಒಳಗೆ ಹಲ್ಲು ಸವೆದಿದೆ. ಇದರ ಮೇಲೆ ಇಷ್ಟು ಉದ್ದದ ಕೊಳವೆ ಇಟ್ಟರೆ ಯಾರು ಮುಟ್ಟಿದರೂ ನಡುಗುತ್ತೆ. ನಕ್ಷತ್ರ ನಿಲ್ಲೋದೇ ಇಲ್ಲ. ಯಾರೋ ಬದಲಾಯಿಸಿದ್ದಾರೆ."

ಗುರುತು ಹಿಡಿದ ಸಂತೋಷದಲ್ಲಿ ಹೇಳಿಬಿಟ್ಟಿದ್ದಳು. ದೇಚಮ್ಮ ಕುರ್ಚಿಯ ಕೈ ಹಿಡಿದುಕೊಂಡು ಕುಳಿತರು.

"ಯಾರು ಮುಟ್ಟಿದರೂ ನಡುಗುತ್ತೆ ಅಂದ್ರಾ?"

"ಹೌದಮ್ಮಾ."

"ಅವರ ಕೈ ನಡುಗಿದ್ದಲ್ಲ?"

ಆಮೇಲೆ ಅವರು ನಿಧಾನವಾಗಿ ಎಲ್ಲ ಹೇಳಿದರು. ಪೂವಯ್ಯ ಇದನ್ನು ತರಿಸಿದ್ದು ಎಪ್ಪತ್ತೊಂದರಲ್ಲಿ, ಹಡಗಿನಲ್ಲಿದ್ದ ಚಿಕ್ಕಪ್ಪನ ಮಗನ ಕೈಯಲ್ಲಿ. ಸಂಜೆ ಅಂಗಳದಲ್ಲಿ ನಿಲ್ಲಿಸಿದರೆ ಲೈನುಮನೆಗಳಿಂದ ತೋಟದ ಕೆಲಸದವರೆಲ್ಲ ಬರುತ್ತಿದ್ದರು. ಒಬ್ಬೊಬ್ಬರಿಗೂ ಶನಿಯ ಬಳೆ ತೋರಿಸಿ, ಕಂಡಿತಾ ಎಂದು ಕೇಳಿ, ಕಂಡಿತು ಎಂದ ಮೇಲೆಯೇ ಮುಂದಿನವರನ್ನು ಕರೆಯುತ್ತಿದ್ದರು. ಎಂಬತ್ತಾರರಲ್ಲಿ ಧೂಮಕೇತು ಬಂದಾಗ ಕಾಲೇಜಿನ ಮೇಷ್ಟ್ರೊಬ್ಬರು ಬಂದು, ಮಕ್ಕಳಿಗೆ ತೋರಿಸುತ್ತೇವೆ, ಒಂದು ತಿಂಗಳಿಗೆ ಕೊಡಿ ಎಂದರು. ಪೂವಯ್ಯ ತಮ್ಮ ಜೀಪಿನಲ್ಲೇ ಕೊಟ್ಟುಬಂದರು. ಹೇಳಿದ ದಿನಕ್ಕೆ ಸರಿಯಾಗಿ ವಾಪಸ್ಸೂ ಬಂತು.

"ಆಮೇಲೆ ಅದು ನಿಲ್ಲಲೇ ಇಲ್ಲ. ಇವರು ಮುಟ್ಟಿದ್ರೆ ನಡುಗೋದು, ಬಿಟ್ರೆ ಜಾರೋದು. ಸಂಜೆ ಎರಡು ಪೆಗ್ ತೆಗೋತಿದ್ರು, ಎಲ್ಲರ ಹಾಗೆ. ನಾನು ಕೆಲಸದವರ ಎದುರಿಗೇ ಹೇಳಿದೆ, ಕುಡಿದ ಕೈಗೆ ನಕ್ಷತ್ರ ನಿಲ್ಲೋದಿಲ್ಲ ಅಂತ. ಎಲ್ಲರೂ ನಕ್ಕರು. ಅವರೂ ನಕ್ಕರು. ಕುಡಿಯೋದು ಬಿಟ್ಟು ನೋಡಿದ್ರು, ಆಗ್ಲೂ ನಡುಗ್ತು. ಹಾಗಾದ್ರೆ ಇದು ಕಾಯಿಲೆ ಅಂತ ಮೈಸೂರಿಗೆ ಹೋಗಿ ಡಾಕ್ಟರಿಗೆ ಕೈ ತೋರಿಸ್ಕೊಂಡು ಬಂದ್ರು. ಏನೂ ಇಲ್ಲ ಅಂದ್ರು ಅವರು. ಇವರು ನಂಬಲಿಲ್ಲ. ಪೆಟ್ಟಿಗೆ ಅಟ್ಟಕ್ಕೆ ಹೋಯ್ತು. ಕೋವಿ ಹಿಡಿಯೋದನ್ನೂ ಬಿಟ್ಟರು. ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡಿಲಿಕ್ಕೆ ಕರೆದ್ರೆ, ನನ್ನ ಕೈ ಸರಿ ಇಲ್ಲ ಅಂತ ಹಿಂದೆ ನಿಲ್ಲೋರು. ಒಳ್ಳೆ ಗುರಿಕಾರ ಅವರು, ಟೀಚರೇ."

ಕಾತ್ಯಾಯನಿ ತಲೆ ತಗ್ಗಿಸಿದ್ದಳು. ಮಾತು ಬೇರೆ ಕಡೆಗೆ ತಿರುಗಿಸಲೆಂದೋ ಏನೋ, ಆ ಮೌಂಟಿನ ಬುಡ ಮುಟ್ಟುತ್ತ ಹೇಳಿದಳು: "ಇದನ್ನು ನಮ್ಮೂರಿನ ಆಕಾಶಕ್ಕೆ ಸರಿಯಾಗಿ ತಗ್ಗಿಸೋಕೂ ಆಗೋದಿಲ್ಲ. ಜಪಾನಿನಲ್ಲಿ ಧ್ರುವ ನಕ್ಷತ್ರ ಮೇಲಿರುತ್ತೆ, ಇಲ್ಲಿ ತುಂಬ ಕೆಳಗೆ. ಅದಕ್ಕೆ ಬುಡದ ಪಟ್ಟಿ ಉಜ್ಜಬೇಕು."

"ಅಯ್ಯೋ, ಉಜ್ಜಿಸಿದ್ರಲ್ಲ! ಕೋವಿ ರಿಪೇರಿ ಮಾಡುವವನ ಹತ್ತಿರ. ಎರಡು ದಿನ ಪಕ್ಕದಲ್ಲೇ ಕೂತು ಉಜ್ಜಿಸಿದ್ರು. ಅವನು ಮಾಡಿದ ಕೆಲಸಕ್ಕೆಲ್ಲ ಗುರುತು ಕುಟ್ಟೋನು. ನೋಡಿ."

ದೇಚಮ್ಮ ಎದ್ದು ಒಳಗಿನಿಂದ ಗಂಡನ ಕೋವಿ ತಂದರು. ಗುಂಡು ಹಾರಿಸಲು ಎಳೆಯುವ ಕುದುರೆಯ ಹತ್ತಿರದ ಉಕ್ಕಿನ ಮೇಲೆ ಬೆರಳಿಟ್ಟು ತೋರಿಸಿದರು. ಮೂರು ಪುಟ್ಟ ಚುಕ್ಕಿ.

ನಾನು ಕಾತ್ಯಾಯನಿಯ ಮುಖ ನೋಡಿದೆ. ಆ ಮೂರು ಚುಕ್ಕಿಯ ಕಥೆ ಅವಳ ಬಾಯಿಂದ ನೂರು ಸಲ ಕೇಳಿದ್ದೆ. ಅವಳು ಪೆಟ್ಟಿಗೆಯಲ್ಲಿದ್ದ ಮೌಂಟನ್ನು ಮಗುಚಿ ಹಾಕಿ ತಳದ ಬಣ್ಣವನ್ನು ಬೀಗದ ಕೈಯಿಂದ ಕೆರೆದಳು. ಬೂದು ಬಣ್ಣದ ಕೆಳಗೆ ಬಿಳಿ ಅಕ್ಷರ ಬಂತು. ನಮ್ಮ ಲ್ಯಾಬಿನ ಸ್ಟಾಕ್ ನಂಬರು. ಇಪ್ಪತ್ತೇಳು ವರ್ಷದಿಂದ ಅಂಥ ನಂಬರುಗಳನ್ನು ಬರೆಯುತ್ತ ಬಂದವಳಿಗೆ ಅದು ಯಾರ ಕೈಬರಹ ಎಂದೂ ಗೊತ್ತಿತ್ತು.

"ಆ ಮೇಷ್ಟ್ರ ಹೆಸರು ನೆನಪಿದೆಯಾ?" ಎಂದು ಕೇಳಿದಳು.

"ಯಾಕಿಲ್ಲ? ನಾಗೇಶ್ವರ ಅಂತ. ಒಳ್ಳೆಯವರು. ಇವರು ಹೋದಾಗಲೂ ಬಂದು ಅರ್ಧ ದಿನ ಇದ್ದು ಹೋದರು."

ಹೊರಡುವಾಗ ಅವಳು ಪೆಟ್ಟಿಗೆಯ ಗೂಡಿನ ಆಕಾರವನ್ನು ಒಂದು ಹಾಳೆಯ ಮೇಲೆ ಗೀರಿಕೊಂಡು ಬಂದಿದ್ದಳು. ಮನೆಗೆ ಬಂದು ಅದನ್ನು ನೆಲದ ಮೇಲೆ ಹರವಿ ತನ್ನ ಮೌಂಟನ್ನು ಅದರ ಮೇಲಿಟ್ಟಳು. ಗೆರೆಯಿಂದ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಮುಂದಿನ ಭಾನುವಾರ ಅವಳೊಬ್ಬಳೇ ಕುಶಾಲನಗರಕ್ಕೆ ಬಸ್ಸು ಹತ್ತಿದಳು. ನಾಗೇಶ್ವರ ಸರ್ ಅಲ್ಲಿ ಹಾರಂಗಿ ರಸ್ತೆಯಲ್ಲಿ ಮಗಳು ಶ್ರೀಲಕ್ಷ್ಮಿಯ ಮನೆಯಲ್ಲಿದ್ದರು. ಅಲ್ಲಿ ನಡೆದದ್ದನ್ನು ಅವಳು ಆಮೇಲೆ ನನಗೆ ಹೇಳಿದ ಹಾಗೇ ಬರೆಯುತ್ತಿದ್ದೇನೆ.

ಮಗಳು ಕಾಫಿ ಕೊಟ್ಟು, ಅಪ್ಪ ನಿಮ್ಮ ಸುದ್ದಿ ಹೇಳದ ದಿನವಿಲ್ಲ ಎಂದು ನಕ್ಕು ಒಳಗೆ ಹೋದಳು. ಕಾತ್ಯಾಯನಿ ಸುತ್ತುಬಳಸು ಮಾಡಲಿಲ್ಲ.

"ಸರ್, ನೀವು ಕೊಟ್ಟ ಮೌಂಟ್ ಪೂವಯ್ಯನವರದು."

ಸರ್ ಲೋಟ ಕೆಳಗಿಟ್ಟರು. ಸುಳ್ಳು ಹೇಳುತ್ತಾರೆ ಎಂದುಕೊಂಡಿದ್ದಳಂತೆ. ಹೇಳಲಿಲ್ಲ.

"ಹೌದು."

"ಯಾಕೆ ಸರ್?"

"ಧೂಮಕೇತುವಿನ ಫೋಟೋ ತೆಗೀಬೇಕಿತ್ತು. ಕಾಲೇಜಿನದು ಹಲ್ಲು ಸವೆದ ಗುಜರಿ. ಅವನದು ತಂದು ನಿಲ್ಲಿಸಿದೆ. ಇಪ್ಪತ್ತು ನಿಮಿಷ ಗುರಿ ಕದಲಲಿಲ್ಲ ಕಾತ್ಯಾಯನಿ. ಅಂಥ ವಸ್ತುವನ್ನು ಇಟ್ಟುಕೊಂಡು ಅವನು ಏನು ಮಾಡ್ತಿದ್ದ? ಲೈನಿನವರಿಗೆ ಚಂದ್ರನ್ನ ತೋರಿಸ್ತಿದ್ದ. ಅವನಿಗೆ ತೋಟ ಇತ್ತು, ಜೀಪಿತ್ತು. ಬೇಕಿದ್ದರೆ ಇನ್ನೊಂದು ತರಿಸ್ಕೊಳ್ತಾನೆ ಅಂದ್ಕೊಂಡೆ. ನನ್ನ ಜನ್ಮದಲ್ಲಿ ನನಗೆ ಎಲ್ಲಿಂದ ಬರಬೇಕಿತ್ತು?"

"ಅವರು ತಮ್ಮ ಕೈಗೇ ಕಾಯಿಲೆ ಅಂದುಕೊಂಡರು ಸರ್. ಸಾಯೋವರೆಗೂ."

"ಗೊತ್ತು."

"ಗೊತ್ತಿತ್ತಾ?"

"ಅವನೇ ಹೇಳಿದ್ದ. ಮಾರ್ಕೆಟಿನಲ್ಲಿ ಸಿಕ್ಕಿದ್ದ, ಕೈ ಚಾಚಿ ತೋರಿಸಿದ. ನೋಡಿ ಮೇಷ್ಟ್ರೇ, ಈಗ ನಡುಗ್ತಿಲ್ಲ ಅಲ್ವಾ, ಅದರ ಹತ್ತಿರ ಹೋದ್ರೆ ನಡುಗುತ್ತೆ ಅಂದ. ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಅವತ್ತು ಹೇಳದವನು ಆಮೇಲೆ ಯಾವತ್ತು ಹೇಳ್ತಾನೆ?"

ಕಾತ್ಯಾಯನಿ ಎದ್ದು ನಿಂತಳು. ಆಗ ಸರ್ ತಲೆಯೆತ್ತಿ ಅವಳನ್ನೇ ನೋಡಿ ಕೇಳಿದರು.

"ಹೆಸರಿನ ತಗಡು ಕಿತ್ತಿದ್ದನ್ನ ನೀನು ಮೊದಲ ದಿನವೇ ನೋಡಿದ್ದೀಯ. ತಿರುಪು ನೋಡಿ ಊರು ಹೇಳೋಳು ನೀನು. ಹದಿನೆಂಟು ವರ್ಷದಲ್ಲಿ ಒಂದು ಸಲ ನನ್ನನ್ನು ಕೇಳಿದೆಯಾ, ಇದು ಎಲ್ಲಿಂದ ಬಂತು ಅಂತ?"

ಜಪಾನಿನ ಕಾರ್ಖಾನೆಗಳನ್ನೆಲ್ಲ ಜಾಲಾಡಿದವಳು ಕೊಟ್ಟವರನ್ನು ಕೇಳಿರಲಿಲ್ಲ. ಕೇಳಿದರೆ ಎಲ್ಲಿ ಹೋಗಿಬಿಡುತ್ತದೋ ಎಂಬ ಹೆದರಿಕೆ ಎಲ್ಲೋ ಒಂದು ಕಡೆ ಇತ್ತೆಂದು ನನ್ನ ಹತ್ತಿರ ಒಪ್ಪಿಕೊಂಡಳು. ಅಷ್ಟು ಒಪ್ಪಿಕೊಳ್ಳಲು ಅವಳಿಗೆ ಬಹಳ ಹೊತ್ತು ಬೇಕಾಯಿತು.

ಆ ವಾರವೇ ಮೌಂಟನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಇಬ್ಬರೂ ಮತ್ತೆ ಎಸ್ಟೇಟಿಗೆ ಹೋದೆವು. ಕಾತ್ಯಾಯನಿ ಒಂದನ್ನೂ ಮುಚ್ಚಿಡಲಿಲ್ಲ. ಮಾರ್ಕೆಟಿನಲ್ಲಿ ಪೂವಯ್ಯ ಕೈ ಚಾಚಿದ್ದನ್ನೂ ಹೇಳಿದಳು. ಅದೊಂದನ್ನು ಹೇಳಬಾರದಿತ್ತು ಎಂದು ನನಗೆ ಇವತ್ತಿಗೂ ಅನಿಸುತ್ತದೆ. ಆಮೇಲೆ ಅಂಗಳದ ಮೂಲೆಯಲ್ಲಿ ಮರದ ಕಾಲು ನಿಲ್ಲಿಸಿ, ಮೌಂಟ್ ಕೂರಿಸಿ, ಕೊಳವೆ ಬಿಗಿದಳು. ಹೊತ್ತು ಮುಳುಗುವ ಮೊದಲೇ ಅರ್ಧ ಚಂದ್ರ ಮೇಲೆ ಬಂದಿದ್ದ. ನಾನು ಕಣ್ಣಿಟ್ಟೆ. ಗುಂಡಿಗಳ ಅಂಚು ಚಾಕುವಿನಿಂದ ಕೊಯ್ದ ಹಾಗಿತ್ತು. ಬೇಕೆಂದೇ ಕೊಳವೆಯನ್ನು ಬೆರಳಿನಿಂದ ತಟ್ಟಿದೆ. ಒಮ್ಮೆ ಅಲುಗಿ ಹಾಗೇ ನಿಂತಿತು.

"ಅಮ್ಮಾ, ಬನ್ನಿ, ನೋಡಿ" ಎಂದಳು ಕಾತ್ಯಾಯನಿ.

ದೇಚಮ್ಮ ಜಗಲಿಯಿಂದ ಇಳಿಯಲಿಲ್ಲ.

"ಏನು ನೋಡಲಿ? ನಿಂತಿದೆ ಅಂತ ನೋಡಲಾ? ಇಪ್ಪತ್ತಮೂರು ವರ್ಷ ಆ ಮನುಷ್ಯನ ಕೈಯನ್ನ ಕುಡುಕನ ಕೈ ಅಂದೆ. ಟೀ ಲೋಟ ಕೊಡುವಾಗ್ಲೂ ಜೋಪಾನ, ಚೆಲ್ತೀರಿ ಅಂತಿದ್ದೆ. ಅವರು ಒಂದು ದಿನ ಚೆಲ್ಲಲಿಲ್ಲ. ಮೇಷ್ಟ್ರು ಕದ್ದರು ಸರಿ, ನಾನು ಏನು ಮಾಡಿದೆ?" ಜಗಲಿಯ ಮೂಲೆಯತ್ತ ಕೈ ತೋರಿಸಿ ಹೇಳಿದರು, "ನಿಮಗೆ ಇದನ್ನ ತಂದುಕೊಟ್ಟು ಹಗುರ ಆಗಬೇಕಿತ್ತು. ಆಯ್ತಲ್ಲ. ಕಾಲೇಜಿನದು ಅಲ್ಲಿದೆ, ತಗೊಂಡು ಹೋಗಿ."

ಹಗುರವಾಗಿರಲಿಲ್ಲ. ಆದರೆ ಅದನ್ನು ಅವರಿಗೆ ಹೇಳುವ ಹಾಗಿರಲಿಲ್ಲ. ಬಿಚ್ಚಿ ಪೆಟ್ಟಿಗೆಗೆ ಹಾಕಿಟ್ಟು ಬಂದೆವು. ಆಮೇಲೆ ಕಾತ್ಯಾಯನಿ ಎರಡು ಸಲ ಫೋನ್ ಮಾಡಿದಳು. ಅಮ್ಮನಿಗೆ ಮೈ ಸರಿಯಿಲ್ಲ, ಮಾತಾಡುವುದಿಲ್ಲ ಎಂದು ಮನೆಯವರು ಇಟ್ಟುಬಿಟ್ಟರು. ಪೆಟ್ಟಿಗೆ ಜಗಲಿಯಲ್ಲಿದೆಯೋ ಅಟ್ಟಕ್ಕೆ ಹೋಯಿತೋ ನಮಗೆ ಗೊತ್ತಾಗಲಿಲ್ಲ.

ಕಾಲೇಜಿನ ಮೌಂಟನ್ನು ಪ್ರಿನ್ಸಿಪಾಲರ ಮುಂದಿಟ್ಟರೆ ಅವರು ರಿಜಿಸ್ಟರ್ ತರಿಸಿ ನೋಡಿದರು. ಆ ನಂಬರನ್ನು ಎಂದೋ ಹೊಡೆದುಹಾಕಿದ್ದರು. "ಇಲ್ಲದ ವಸ್ತುವನ್ನು ಎಲ್ಲಿ ಇಡೋದು ಮೇಡಂ? ಗುಜರಿಗೆ ಕೊಡಿ" ಎಂದರು. ಇಂಟರ್ನೆಟ್ ಗುಂಪಿನಲ್ಲಿ ಅವಳು ಒಂದೇ ಸಾಲು ಬರೆದಳು: ಮೂರು ಚುಕ್ಕಿ ಜಪಾನಿನ ಮುದ್ರೆಯಲ್ಲ, ನಮ್ಮ ಕಡೆಯ ಕೋವಿ ರಿಪೇರಿಯವನದು, ಮೌಂಟ್ ಬೇರೆಯವರದು, ಹಿಂದಿರುಗಿಸಿದ್ದೇನೆ. ನೂರಾರು ಜನ ನಗುವ ಮುಖ ಒತ್ತಿದರು. ಈ ವರ್ಷದ ಅತಿ ತಮಾಷೆಯ ಗುರುತು ಎಂದು ಒಬ್ಬರು ಬರೆದರು. ಅವಳು ಆ ಗುಂಪು ಬಿಟ್ಟಳು.

ಕಳೆದ ವರ್ಷ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡರು. ನಾಗೇಶ್ವರ ಸರ್‌ಗೆ ಹಾರ ಹಾಕುವುದು ಕಾತ್ಯಾಯನಿಯೇ ಆಗಬೇಕೆಂದು ಆ ವಿದ್ಯಾರ್ಥಿಗಳ ಬೇಡಿಕೆ. ಅವಳು ಆ ದಿನ ರಜೆ ಹಾಕಿದಳು. ಸರ್ ಕೋಲು ಹಿಡಿದು ವೇದಿಕೆ ಹತ್ತಿದರು. ಎಂಬತ್ತಾರರ ಧೂಮಕೇತುವಿನ ಬಗ್ಗೆ ಮಾತಾಡಿದರು. ಯಾವ ಸೌಲಭ್ಯವೂ ಇಲ್ಲದ ಕಾಲದಲ್ಲಿ, ಒಂದು ಟೆಲಿಸ್ಕೋಪನ್ನು ಕಾಡಿ ಬೇಡಿ ತಂದು ಮುನ್ನೂರು ಮಕ್ಕಳಿಗೆ ಆಕಾಶ ತೋರಿಸಿದ್ದೆ ಎಂದರು. ತಾವು ತೆಗೆದ ಫೋಟೋವನ್ನು ದೊಡ್ಡದು ಮಾಡಿ ಹಿಂದೆ ತೂಗುಹಾಕಿದ್ದರು. ಧೂಮಕೇತುವಿನ ಬಾಲ ಒಂದು ಚೂರೂ ಕದಲದೆ ಮೂಡಿತ್ತು. ಸಭೆಯಲ್ಲಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಆಚೆ ಈಚೆ ಇದ್ದವರು ಎದ್ದರು. ನಾನೂ ಎದ್ದೆ.

ಮರುದಿನ ಲ್ಯಾಬಿಗೆ ಹೋಗಿ ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಅವಳು ಪ್ರಿಸಂಗಳನ್ನು ಒರೆಸುತ್ತ ಕೇಳಿಸಿಕೊಂಡಳು.

"ನೀವೂ ತಟ್ಟಿದಿರಾ?"

ಹೌದು ಎಂದೆ. ಅವಳು ಒರೆಸಿದ ಪ್ರಿಸಂ ಡಬ್ಬಿಗೆ ಹಾಕಿ ಇನ್ನೊಂದನ್ನು ಎತ್ತಿಕೊಂಡಳು. ಆಮೇಲೆ ನಾನು ನಿವೃತ್ತಳಾಗುವವರೆಗೂ ಎದುರು ಸಿಕ್ಕಿದರೆ ನಮಸ್ಕಾರ ಮೇಡಂ ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ.